ಅಜ್ಜಯ್ಯನ ಕಲ್ಲು ತೊಳೆದ ಸೊಸೆ

“ಯಾರ್ನ ಕೇಳಿ ತೊಳ್ದೆ?”

ಭದ್ರಮ್ಮನ ದನಿ ಏರಿರಲಿಲ್ಲ. ಶ್ವೇತಳಿಗೆ ಅದೇ ಹೆಚ್ಚು ಭಯ. ಅತ್ತೆ ಕೂಗಾಡಿದರೆ ಅರ್ಧ ಗಂಟೆಗೆ ಮುಗಿಯುತ್ತದೆ, ಮೆಲ್ಲಗೆ ಮಾತಾಡಿದರೆ ವಾರಗಟ್ಟಲೆ ನಡೆಯುತ್ತದೆ ಎಂಬುದನ್ನು ತಿಪ್ಪಸಂದ್ರದ ಆ ಮನೆಗೆ ಬಂದ ಮೂರು ವರ್ಷದಲ್ಲಿ ಅವಳು ಚೆನ್ನಾಗಿ ಕಲಿತಿದ್ದಳು. ಹೊಲದ ಬದುವಿನ ವೀರಗಲ್ಲಿನಿಂದ ನೀರಿನ್ನೂ ತೊಟ್ಟಿಕ್ಕುತ್ತಿತ್ತು. ತಲೆಮಾರುಗಳಿಂದ ಮೆತ್ತಿದ್ದ ಎಣ್ಣೆ, ಅರಿಸಿನ, ಕುಂಕುಮವೆಲ್ಲ ಕರಿ ಗಸಿಯಾಗಿ ಕೆಳಗೆ ಹರಿದಿತ್ತು. ಆ ಮನೆಯವರಿಗೆ ಅದು ಕಲ್ಲಲ್ಲ, ಕುಲದ ಹಿರಿಯ, ಅಜ್ಜಯ್ಯ. ಮಹಾಲಯ ಅಮಾವಾಸ್ಯೆಯಂದು ಊರಿಗೆಲ್ಲ ಮೊದಲು ಅವನಿಗೆ ಎಡೆ ಇಡುವ ಹಕ್ಕು ಇವರದು. ಆ ಅಮಾವಾಸ್ಯೆಗೆ ಇನ್ನೆರಡೇ ದಿನವಿತ್ತು.

“ಕಾಗದದ ಮೇಲೆ ಅಚ್ಚು ತೆಗೀಬೇಕಿತ್ತು ಅತ್ತೆ. ಜಿಡ್ಡಿದ್ರೆ ಅಕ್ಷರ ಮೂಡಲ್ಲ...”

ಶ್ವೇತ ರಾಮನಗರದಲ್ಲಿ ಇತಿಹಾಸದ ಎಂ.ಎ. ಮುಗಿಸಿದ್ದಳು. ಇತಿಹಾಸ ಓದಿ ಏನು ಮಾಡುತ್ತೀಯೆಂದು ಕೇಳದವರೇ ಇರಲಿಲ್ಲ. ಪಾಠ ಹೇಳಿದ ಸುಹಾನಾ ಮೇಡಂ ಒಬ್ಬರೇ ಅದನ್ನು ನಿಜವಾದ ಪ್ರಶ್ನೆ ಎಂದುಕೊಂಡು ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಎದುರಿಗೆ ಕೂರಿಸಿಕೊಂಡಿದ್ದರು. ಇವನಿಗೆ ಬಿ.ಎಡ್., ಅವಳಿಗೆ ಕೆ.ಎ.ಎಸ್., ಇನ್ನೊಬ್ಬಳಿಗೆ ವಸ್ತುಸಂಗ್ರಹಾಲಯ. ಹಳಗನ್ನಡದ ಲಿಪಿಯನ್ನು ಹಟ ಹಿಡಿದು ಕಲಿತ ಶ್ವೇತಳಿಗೆ ಶಾಸನ ಸಮೀಕ್ಷೆಯ ಕೆಲಸ. ಆ ಕೆಲಸಕ್ಕೆ ಅಭ್ಯರ್ಥಿಗಳು ಈವರೆಗೆ ಯಾರೂ ಓದದ ಒಂದು ಶಾಸನದ ಅಚ್ಚನ್ನೂ ಅದರ ಬರಹದ ಓದನ್ನೂ ತರಬೇಕಿತ್ತು. ಅಮಾವಾಸ್ಯೆಯ ಮಾರನೇ ದಿನವೇ ಸಂದರ್ಶನ. ಇದು ಕೈತಪ್ಪಿದರೆ ಗಂಡ ನಟರಾಜು ದುಡಿಯುವ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಗೇಟಿನ ಬಳಿ ಹಾಜರಿ ಬರೆಯುವ ಕೆಲಸಕ್ಕೆ ಸೇರಿಕೊಳ್ಳುತ್ತೇನೆಂದು ಅವಳೇ ಒಪ್ಪಿಕೊಂಡಿದ್ದಳು.

ಸಂಜೆ ನಟರಾಜು ಬಂದವನೇ ಅಚ್ಚನ್ನು ದೀಪದ ಕೆಳಗೆ ಹಿಡಿದ. “ಏನ್ ಬರ್ದೈತೆ ಓದು. ಅವ್ವನೂ ಕೇಳ್ಲಿ.”

ಶ್ವೇತ ಕಾಗದದ ಮೇಲೆ ಬೆರಳಿಟ್ಟಳು. ಓದದಿದ್ದರೂ ತಪ್ಪು, ಓದಿದರಂತೂ ಕೇಡು. “ಊರಿನ ದನಗಳನ್ನ ಕಳ್ಳರು ಹೊಡ್ಕೊಂಡು ಹೋದಾಗ ಅಡ್ಡ ನಿಂತು, ಕಾದಾಡಿ ಸತ್ತೋನು... ಕುರಿ ಕಾಯೋ ಮಾರನ ಮಗ ಬೈರ.”

ಎಲ್ಲರೂ ಅಜ್ಜಯ್ಯನ ಬೇಟೆನಾಯಿ ಎಂದುಕೊಂಡಿದ್ದ, ಕಲ್ಲಿನಲ್ಲಿ ವೀರನ ಕಾಲ ಬಳಿ ಕೆತ್ತಿದ್ದ ಪ್ರಾಣಿ, ಜಿಡ್ಡು ಹೋದ ಮೇಲೆ ಕೊಂಬು ಸುರುಳಿಯಾದ ಟಗರಾಗಿತ್ತು. ಕುರಿ ಸಾಕುವ ಮಾರಕ್ಕನ ಮನೆಯವರು ‘ಅವನು ನಮ್ಮ ಹಿರೀಕ’ ಎಂದಾಗಲೆಲ್ಲ ಈ ಮನೆಯವರು ನಕ್ಕು, ಎಡೆ ಇಡುವಾಗ ಅವರನ್ನು ಹಿಂದಕ್ಕೆ ನಿಲ್ಲಿಸಿದ್ದರು.

“ಇನ್ನೊಂದು ಸಾಲಿದೆ ಅತ್ತೆ...”

ಭದ್ರಮ್ಮ ಅಚ್ಚನ್ನು ಕಿತ್ತುಕೊಂಡಳು. “ಸಾಕು ನಿಲ್ಸು. ಹೆಸ್ರು ಸವ್ದೋಗೈತೆ, ಓದಕ್ಕಾಗ್ಲಿಲ್ಲ ಅಂತ ಬರ್ಕೊ. ಆಗ ಕೊಡ್ತೀನಿ.”

“ಒಸಿ ತಗ್ಗೋದ್ರೆ ಏನಾದದು ಶ್ವೇತ? ಒಂದೇ ಹೆಸ್ರು ತಾನೆ,” ಎಂದ ನಟರಾಜು. ಒಳ್ಳೆಯವನೇ, ಆದರೆ ತಾಯಿಯ ಎದುರು ಬಾಯಿ ಸತ್ತವನು.

“ಆ ಒಂದು ಹೆಸರಿಗೋಸ್ಕರವೇ ರೀ ಆ ಕಾಲದವರು ಕಲ್ಲು ನಿಲ್ಸಿದ್ದು! ಅದನ್ನ ಮುಚ್ಚಿಟ್ಟು ಕೆಲಸ ಗಿಟ್ಟಿಸ್ಕೊಂಡ್ರೆ ನಾನು ಓದಿದ್ದು ಯಾತಕ್ಕೆ?” ಶ್ವೇತಳ ಮಾತು ಅಳುವಿನಲ್ಲಿ ಮುಳುಗಿತು.

ಭದ್ರಮ್ಮ ಅಚ್ಚನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಆಗಲೇ ಹೋಗಿ ಕಲ್ಲಿಗೆ ಸೇರುಗಟ್ಟಲೆ ಎಣ್ಣೆ ಸುರಿದು ಬಂದಳು. ಇನ್ನೊಂದು ಅಚ್ಚು ತೆಗೆಯುವ ದಾರಿಯೂ ಮುಚ್ಚಿತು. ಎರಡು ದಿನ ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಮಾತಿಲ್ಲದೆ ಬೇಯಿಸಿದರು.

ಅಮಾವಾಸ್ಯೆಯ ಬೆಳಿಗ್ಗೆ ಮುದ್ದೆ, ಕಾಳುಸಾರು, ವಡೆ ಎಲ್ಲ ಬಾಳೆಲೆಗೆ ಬಂದವು. ಹೊರಡಬೇಕಾದ ಭದ್ರಮ್ಮ ಮಾತ್ರ ಎಲೆಯ ಮುಂದೆ ಕುಕ್ಕರಿಸಿಬಿಟ್ಟಳು. ಎಂಟು ವರ್ಷದ ಹಿಂದೆ ತೀರಿಕೊಂಡ ಗಂಡ ಮರಿಯಪ್ಪನ ಹೆಸರಿನ ಎಡೆಯೂ ಆ ಕಲ್ಲಿನ ಮುಂದೆಯೇ ಇಡಬೇಕಿತ್ತು.

“ಹೆಂಗಮ್ಮಿ ಹೋಗ್ಲಿ? ಇಷ್ಟು ವರ್ಸ ನನ್ ಗಂಡನ್ನ ಯಾರ ಹಿರೀಕರ ಪಂಕ್ತೀಲಿ ಕೂರ್ಸಿ ಉಣ್ಣಾಕಿಕ್ದೆ ನಾನು? ಅವ್ರು ಉಂಡ್ರೋ... ಹಸ್ಕೊಂಡೇ ಹೋದ್ರೋ...”

ಆ ಗಟ್ಟಿಗಿತ್ತಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಎರಡು ದಿನದ ಕೋಪವೆಲ್ಲ ಶ್ವೇತಳ ಹೊಟ್ಟೆಯಲ್ಲೇ ಕರಗಿಹೋಯಿತು. ಇಷ್ಟು ನೋವು ಆ ಸಿಟ್ಟಿನ ಅಡಿಯಲ್ಲಿದ್ದುದು ತನಗೆ ಕಾಣಲಿಲ್ಲವಲ್ಲ ಎಂದು ನೊಂದುಕೊಂಡಳು.

“ಅವತ್ತು ಕೊನೇ ಸಾಲು ಕೇಳಲೇ ಇಲ್ಲ ನೀವು. ‘ಊರ ಗೌಡ ನಿಲಿಸಿದ ಕಲ್ಲು’ ಅಂತಿದೆ ಅತ್ತೆ. ಸತ್ತೋನು ಮಾರಕ್ಕನ ಮನೆಯೋನು. ನಮ್ಮ ದನಕ್ಕೋಸ್ಕರ ಸತ್ತ ಅಂತ ಕಲ್ಲು ನಿಲ್ಸಿದ್ದು ಈ ಊರಿನ ಗೌಡ್ರು, ನಮ್ಮ ಮನೆತನದೋರೇ. ಮಾವನ ಎಡೆಗೆ ಅಲ್ಲಿ ಜಾಗ ಇದ್ದೇ ಇದೆ. ಮೊದಲನೇದು ಮಾತ್ರ ನಮ್ಮದಲ್ಲ.”

ಭದ್ರಮ್ಮ ಕಣ್ಣೊರೆಸಿಕೊಂಡು ಎದ್ದು ಟ್ರಂಕಿನ ಬೀಗ ತೆಗೆದಳು. ಆಮೇಲೆ ಸೆರಗಿನಡಿ ಏನೋ ಹಿಡಿದು, ಹೊಲಕ್ಕೆ ಹೋಗದೆ ಕುರಿರೊಪ್ಪದ ಕಡೆ ನಡೆದಳು.

“ಮಾರಕ್ಕ, ನಿನ್ ಎಡೆ ತಕ್ಕೊಂಡು ಬಾ. ನೀನೇ ಮೊದ್ಲು ಇಕ್ಬೇಕು.”

ಮಾರಕ್ಕ ದಿಗಿಲುಬಿದ್ದಳು. “ಗೌಡ್ರಮ್ಮ, ಊರ್ನೋರು ಏನಂದಾರು?”

“ಅನ್ಲಿ. ಅನ್ನಿಸ್ಕೊಳ್ಳೋಳು ನಾನು.”

ಊರು ನೋಡುತ್ತಿದ್ದಂತೆ ಮಾರಕ್ಕ ಮೊದಲು ಎಡೆ ಇಟ್ಟಳು. ಎಂದೂ ಯಾರ ಹಿಂದೆಯೂ ನಿಲ್ಲದ ಭದ್ರಮ್ಮ ಅವಳ ಹಿಂದೆ ತಲೆತಗ್ಗಿಸಿ ನಿಂತಿದ್ದಳು. ಕೈಮುಗಿದಾದ ಮೇಲೆ ಸೆರಗಿನಡಿಯಿಂದ ಅಚ್ಚಿನ ಸುರುಳಿ ತೆಗೆದು ಸೊಸೆಗೆ ಕೊಟ್ಟಳು.

“ನಾಳೆ ಮೊದಲ್ನೇ ಬಸ್ಸಿಗೇ ಹೊರಡು. ಅವನ ಹೆಸ್ರ ಗಟ್ಟಿಯಾಗಿ ಓದು.”

ಸುರುಳಿಯ ಅಂಚಿಗೆ ಅತ್ತೆಯ ಕೈಯ ಅರಿಸಿನ ಅಂಟಿತ್ತು. ಶ್ವೇತ ಅದನ್ನು ಒರೆಸಲಿಲ್ಲ.