ನೆಕ್ ಬಿಚ್ಚುವ ಶನಿವಾರ

ಈಜು ಕೋಚ್ ಆ ಶನಿವಾರವೂ ಒದ್ದೆ ತಲೆಯಲ್ಲೇ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಬೆನ್ನ ಮೇಲೆ ಸೋದರತ್ತೆಯ ಬೇಸ್ ಗಿಟಾರು, ಮುಖದ ತುಂಬ ನಗು. ಮೇಜಿನ ಹಿಂದಿದ್ದವಳು ಗಿಟಾರು ನೋಡುವ ನೆಪದಲ್ಲಿ ಮೊದಲು ನಗುವನ್ನೇ ನೋಡಿದಳು.

“ಏನ್ ಡಾಕ್ಟ್ರೇ, ಇವತ್ತಾದ್ರೂ ನಮ್ಮ ಅಜ್ಜಿ ವಯಸ್ಸು ಹೇಳ್ತೀರಾ?”

“ಅಜ್ಜೀನ ಮಲಗಿಸಿ, ನೋಡೋಣ.”

ಗಿಟಾರಿಗೆ ಅಜ್ಜಿ ಅಂತ, ಅದನ್ನು ರಿಪೇರಿ ಮಾಡುವವಳಿಗೆ ಡಾಕ್ಟ್ರು ಅಂತ ಹೆಸರಿಟ್ಟವನು ಅವನೇ. ಅಪ್ಪ ಮಗಳು ಇಬ್ಬರೇ ನಡೆಸುವ ಅಂಗಡಿ ಅದು. ಹಳೆಯ ವಾದ್ಯಗಳ ಹುಟ್ಟಿದ ಇಸವಿ ಪತ್ತೆ ಮಾಡುವುದರಲ್ಲಿ ಇವರ ಮಾತು ನಡೆಯುತ್ತಿತ್ತು. ಕೋಚ್‌ನ ಅತ್ತೆ ಪ್ರಾಯದಲ್ಲಿ ಒಂದು ಬ್ಯಾಂಡಿನಲ್ಲಿ ಬೇಸ್ ನುಡಿಸಿದವರು. ಅದನ್ನೀಗ ಊರಿನ ವಾದ್ಯಗಳ ಮ್ಯೂಸಿಯಂಗೆ ಕೊಡುತ್ತಿದ್ದರು. ಅರವತ್ತಾರನೇ ಇಸವಿಯದು ಅಂತ ಅತ್ತೆ ಹೇಳುತ್ತಿದ್ದರು, ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಮ್ಯೂಸಿಯಂನವರು ಈ ಅಂಗಡಿಯ ಸಹಿ ಕೇಳಿದ್ದರು.

ರಾತ್ರಿ ಮಾತ್ರ ಗಿಟಾರು ಅತ್ತೆಯ ಮನೆಗೆ ವಾಪಸ್ಸಾಗಬೇಕು. “ಅದಕ್ಕೆ ಹೊರಗೆ ಮಲಗಿ ಅಭ್ಯಾಸ ಇಲ್ಲ” ಅಂತ ಅತ್ತೆಯ ಕಟ್ಟಪ್ಪಣೆ. ಹಾಗಾಗಿ ಶನಿವಾರಕ್ಕೊಂದು ಪರೀಕ್ಷೆ ನಡೆಯುತ್ತಾ ಬಂತು.

ಮೊದಲ ವಾರ ಹಿಂಬದಿಯ ಲೋಹದ ಪ್ಲೇಟಿನ ನಂಬರು. ಅವಳು ಅದನ್ನು ಫೋಟೋ ತೆಗೆದುಕೊಂಡು, “ಇದನ್ನ ಪೂರ್ತಿ ನಂಬೋ ಹಾಗಿಲ್ಲ” ಅಂದಿದ್ದಳು. “ಫ್ಯಾಕ್ಟರಿಯಲ್ಲಿ ಡಬ್ಬಕ್ಕೆ ಕೈ ಹಾಕಿ, ಸಿಕ್ಕಿದ ಪ್ಲೇಟ್ ಹಾಕ್ತಿದ್ರು. ನೆಕ್ ಅಂದ್ರೆ ಈ ಉದ್ದನೆ ಕುತ್ತಿಗೆ, ಅದನ್ನ ಬಿಚ್ಚಿದ್ರೆ ಬುಡದಲ್ಲಿ ಪೆನ್ಸಿಲಲ್ಲಿ ತಿಂಗಳು, ಇಸವಿ ಬರೆದಿರ್ತಾರೆ. ಅದೇ ಇದರ ಜಾತಕ.”

“ಮತ್ತೆ ಬಿಚ್ಚೇ ಬಿಡಿ.”

“ಅದು ಕೊನೆಗೆ. ನಮ್ಮಲ್ಲಿ ಹಾಗೇ” ಎಂದು ಅವಳು ಮೇಜಿನ ಕೆಳಗೆ ಏನನ್ನೋ ಹುಡುಕತೊಡಗಿದ್ದಳು.

ಎರಡನೇ ವಾರ ವಾಲ್ಯೂಮ್ ತಿರುಗಿಸುವ ಗುಂಡಿಯ ಕೆಳಗಿನ, ಪಾಟ್ ಅನ್ನುವ ಪುಟ್ಟ ಲೋಹದ ಭಾಗ ತೆಗೆದರು. ಅದರ ಬೆನ್ನಿಗೆ ಒತ್ತಿದ್ದ ಅಂಕಿಗಳನ್ನು ಭೂತಗನ್ನಡಿಯಲ್ಲಿ ಓದುವಾಗ ಇಬ್ಬರ ತಲೆಯೂ ಒಂದಕ್ಕೊಂದು ತಾಗಿತು. ಅರವತ್ತಾರರ ಹತ್ತನೇ ವಾರ ಅಂತ ಅವಳು ಓದಿ ಹೇಳಿದಾಗ, ಅವನು ಈಜುಕೊಳದಲ್ಲಿ ಮಕ್ಕಳು ಗೆದ್ದಾಗ ಕುಣಿಯುವಂತೆ ಕುಣಿದ. ಪಾಟ್ ಮೊದಲು ತಯಾರಾಗಿ, ಗಿಟಾರು ಆಮೇಲೆ ಆಗಿರಬಹುದು ಅಂತ ಅವಳು ಅವನ ಉತ್ಸಾಹಕ್ಕೆ ನೀರೆರಚಿದಳು. ಅವಳ ಎದೆಯೂ ಡವಡವ ಅನ್ನುತ್ತಿತ್ತು. ಅದಕ್ಕೆ ಪಾಟ್ ಕಾರಣವಾಗಿರಲಿಲ್ಲ.

ಕಳೆದ ವಾರ ಪರದೆಯ ಹಿಂದಿನ ಕತ್ತಲಲ್ಲಿ ನೇರಳೆ ದೀಪ ಹಿಡಿದು ಬಣ್ಣ ನೋಡಿದ್ದರು. ಹಳೆಯ ಬಣ್ಣ ಹಸಿರಾಗಿ ಮಿನುಗಿತು, ಎಲ್ಲೂ ತೇಪೆ ಇರಲಿಲ್ಲ. ಜೊತೆಗೆ ಅವನ ಬಿಳಿ ಷರ್ಟು, ಅವನ ಹಲ್ಲು ಎಲ್ಲವೂ ನೀಲಿಯಾಗಿ ಹೊಳೆದವು. ಅವಳು ನಗು ತಡೆಯಲಾಗದೆ ಅವನ ತೋಳು ಹಿಡಿದಳು. ಬಿಡುವುದು ಸ್ವಲ್ಪ ತಡವಾಯಿತು.

ಇವತ್ತು ನೆಕ್. ಸಂಜೆ ಮ್ಯೂಸಿಯಂನ ವ್ಯಾನು ಬರುತ್ತದೆ.

ಅವಳು ತಂತಿ ಸಡಿಲಿಸಿ, ಗಿಟಾರನ್ನು ಬೋರಲು ಹಾಕಿ ಸ್ಕ್ರೂಡ್ರೈವರ್ ಇಟ್ಟಳು. ಇಟ್ಟವಳು ಹಾಗೇ ನಿಂತಳು. ಪ್ಲೇಟಿನ ಸ್ಕ್ರೂಗಳ ತಲೆಯಲ್ಲಿ ಹೊಸ ಗೀರುಗಳು ಫಳಫಳ ಅನ್ನುತ್ತಿದ್ದವು. ಫೋನು ತೆಗೆದು ಮೊದಲ ವಾರದ ಫೋಟೋ ನೋಡಿದಳು. ಆಗ ಅಲ್ಲಿ ವರ್ಷಗಟ್ಟಲೆಯ ಕೊಳೆ ಕೂತಿತ್ತು.

“ಇದನ್ನ ಯಾರೋ ಬಿಚ್ಚಿದ್ದಾರೆ. ಈಗೀಗ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೋಚ್ ತನ್ನ ಕೈಗಳನ್ನು ಜೇಬಿಗಿಳಿಸಿದ.

ಹಳೆಯ ಗಿಟಾರಿಗೆ ಬೇರೆ ನೆಕ್ ಕೂರಿಸಿ ಸಾಚಾ ಅಂತ ತೋರಿಸುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಅಂಗಡಿಯ ಸಹಿ ಹೋದರೆ ಮತ್ತೆ ಬರುವುದಿಲ್ಲ. ಆದರೆ ಆ ಗಳಿಗೆ ಅವಳಿಗೆ ಚಿಂತೆಯಾಗಿದ್ದು ಸಹಿಯದಲ್ಲ. ಅವನನ್ನು ಕಂಡರೆ ಅವಳಿಗೆ ಪ್ರಾಣ, ಅವನು ಮೋಸಗಾರನಾಗಿಬಿಟ್ಟರೆ ಹೇಗೆ?

“ನೆಕ್ ಬದಲಾಯಿಸಿದ್ದೀರಾ?”

“ಇಲ್ಲ.”

“ಬಿಚ್ಚಿದ್ದು?”

“ನಾನೇ” ಅಂದ ಅವನು, ಮುಖ ಹುಳ್ಳಗೆ ಮಾಡಿಕೊಂಡು. “ಒಳಗೆ ನೋಡಿ, ಆಮೇಲೆ ಬೈರಿ.”

ಅವಳು ಒಂದೊಂದಾಗಿ ಸ್ಕ್ರೂ ತಿರುಗಿಸಿ ತೆಗೆದಳು. ನೆಕ್ಕನ್ನು ಮೆಲ್ಲಗೆ ಎತ್ತಿ ಬುಡವನ್ನು ದೀಪಕ್ಕೆ ಹಿಡಿದಳು. ಮಾಸಿದ ಪೆನ್ಸಿಲ್ ಅಕ್ಷರ: ಮೇ, ಅರವತ್ತಾರು. ಗಿಟಾರಿನ ಒಡಲಲ್ಲಿ ನೆಕ್ ಕೂರುವ ಗುಳಿಯಲ್ಲಿದ್ದ ಹಳೆಯ ಕಲೆಯೂ ನೆಕ್ಕಿನ ಬುಡದ ಕಲೆಯೂ ಅಂಚಿಗೆ ಅಂಚು ಕೂಡಿಕೊಂಡವು. ಇವೆರಡೂ ಹುಟ್ಟಿದಂದಿನಿಂದ ಜೊತೆಗೇ ಇದ್ದವು. ಅತ್ತೆ ಹೇಳಿದ್ದು ಅಪ್ಪಟ ನಿಜ.

ಖುಷಿಗೆ ಅವಳ ಕಣ್ಣು ತುಂಬಿತು. ಕೋಪ ಮಾತ್ರ ಇಳಿಯಲಿಲ್ಲ.

“ಮತ್ತೆ ಯಾಕೆ ಕದ್ದು ಬಿಚ್ಚಿದ್ರಿ?”

“ಮೊದಲ ವಾರ ಜಾತಕ ಒಳಗಿದೆ ಅಂದ್ರಲ್ಲ, ಅವತ್ತು ಅತ್ತೆ ಮನೆಗೆ ಹೋದ್ಮೇಲೆ ತಡ್ಕೊಳ್ಳೋಕೆ ಆಗ್ಲಿಲ್ಲ. ಭಾವನ ಸ್ಕ್ರೂಡ್ರೈವರ್ ತಗೊಂಡು ಬಿಚ್ಚಿದೆ. ಇಸವಿ ಕಾಣ್ತು. ನಿಮಗೆ ಹೇಳೋಣ ಅಂತ ಫೋನ್ ಕೈಗೆತ್ಕೊಂಡೆ.” ಅವನು ಮೇಜಿನ ಮೇಲಿದ್ದ ಒಂದು ಸ್ಕ್ರೂವನ್ನು ಬೆರಳಲ್ಲಿ ಉರುಳಿಸಿದ. “ಹೇಳಿದ್ರೆ ಕೆಲಸ ಮುಗೀತು, ಇನ್ನು ಇಲ್ಲಿಗೆ ಬರೋಕೆ ಕಾರಣ ಇಲ್ಲ ಅನ್ನಿಸ್ತು. ಮತ್ತೆ ಕೂರಿಸಿ ಸುಮ್ಮನಾದೆ.”

“ಮೂರು ಶನಿವಾರದ ಕೆಲಸ ದಂಡ ಮಾಡಿಸಿದ್ರಿ ನೀವು. ಪಾಟ್ ನೋಡಿ ಕುಣಿದಿದ್ದೂ ನಾಟಕ?”

“ಕುಣಿದಿದ್ದು ನಾಟಕ ಅಲ್ಲ. ತಲೆಗೆ ತಲೆ ತಾಗಿತ್ತಲ್ಲ, ಅದಕ್ಕೆ.”

ಅವಳು ಇನ್ನೂ ಏನೋ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಆಚೆ ಮೇಜಿನಲ್ಲಿ ತಂತಿ ಕಟ್ಟುತ್ತಿದ್ದ ಅಪ್ಪ ತಲೆ ಎತ್ತದೆಯೇ ಗಂಟಲು ಸರಿಮಾಡಿಕೊಂಡರು.

“ಅಲ್ಲ ಮಗಳೇ, ನೆಕ್ ಕೊನೆಗೆ ಅನ್ನೋದು ನಮ್ಮಲ್ಲಿ ಯಾವಾಗಿಂದ ಶುರುವಾಯ್ತು? ನಾನು ನಿನಗೆ ಕಲಿಸಿದ್ದು ಮೊದಲು ನೆಕ್ ಬಿಚ್ಚು ಅಂತ. ಹತ್ತು ನಿಮಿಷದ ಕೆಲಸ.”

ಕೋಚ್ ನಿಧಾನವಾಗಿ ಅವಳ ಕಡೆ ತಿರುಗಿದ. ಅವಳ ಕಿವಿ ಕೆಂಪಾಗಿ, ಆ ಕೆಂಪು ಕೆನ್ನೆಗೆ ಇಳಿಯುತ್ತಿದ್ದುದನ್ನು ಅವನು ಬಿಡದೆ ನೋಡಿದ.

“ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯೋದು ಕೇಳಿದ್ದೆ” ಎಂದರು ಅಪ್ಪ, ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಾ. “ಎರಡೆರಡು ಬೆಕ್ಕು ಒಂದೇ ಬಟ್ಟಲಲ್ಲಿ ಕುಡಿಯೋದು ಇವತ್ತೇ ನೋಡಿದ್ದು. ನಾನು ವ್ಯಾನು ಬಂತಾ ನೋಡ್ತೀನಿ.”

ಅಪ್ಪ ಹೋದ ಮೇಲೆ ಅವಳು ನೆಕ್ಕನ್ನು ಕೂರಿಸತೊಡಗಿದಳು. ಅವನು ಒಂದೊಂದೇ ಸ್ಕ್ರೂ ಎತ್ತಿ ಅವಳ ಅಂಗೈಗೆ ಇಟ್ಟ. ಒಂದೊಂದಕ್ಕೂ ಅವನ ಬೆರಳು ಅವಳ ಕೈಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಅವಳು ಕೈ ಎಳೆದುಕೊಳ್ಳಲಿಲ್ಲ.

ವ್ಯಾನು ಬಂತು. ಅವಳು ಸಹಿ ಹಾಕಿದಳು. ಅಜ್ಜಿಯನ್ನು ಮೆತ್ತನೆಯ ಪೆಟ್ಟಿಗೆಯಲ್ಲಿಟ್ಟು ಕರೆದುಕೊಂಡು ಹೋದರು. ಖಾಲಿಯಾದ ಮೇಜಿನ ಆಚೆ ಅವನು, ಈಚೆ ಅವಳು, ನಡುವೆ ಇನ್ನು ಯಾವ ನೆಪವೂ ಉಳಿದಿರಲಿಲ್ಲ.

“ಮುಂದಿನ ಶನಿವಾರ ಏನು ತರಲಿ?” ಎಂದು ಕೇಳಿದ ಅವನು. “ಭಾವನ ಹತ್ರ ಒಂದು ಹಳೇ ರೇಡಿಯೋ ಇದೆ.”

“ಏನೂ ತರಬೇಡಿ” ಅಂದಳು ಅವಳು. “ಶನಿವಾರದ ತನಕ ಕಾಯೋದೂ ಬೇಡ. ನಾಳೇನೇ ಬನ್ನಿ.”