ಮುಂದಿನ ಶುಕ್ರವಾರದ ಸೊನ್ನೆ

ಫೋಲಾರಿನ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ನಿನ್ನ ಜೀನೋಟೈಪ್ ಏನು?"

"ಜನ ಮೊದ್ಲು ಹೆಸರು ಕೇಳ್ತಾರೆ."

"ಹೆಸರು ಕೇಳಿ, ಮನಸ್ಸು ಕೊಟ್ಟು, ಆಮೇಲೆ ರಕ್ತ ಹೊಂದಲ್ಲ ಅಂತ ಅಳೋರನ್ನ ನಮ್ಮ ಚರ್ಚಲ್ಲಿ ಬೇಕಾದಷ್ಟು ನೋಡಿದ್ದೀನಿ."

"ಎಎ. ಹೆಸರು ಅರಾಬಾ. ಈಗಾದ್ರೂ ಕೂದಲು ಕತ್ತರಿಸ್ತೀಯಾ?"

ಪೆಕಮ್ ಬಡಾವಣೆಯ ಅವನ ಕ್ಷೌರದಂಗಡಿಯಲ್ಲಿ ನಡೆದ ಮಾತಿದು. ನನ್ನ ಎಎ ರಕ್ತದಲ್ಲಿ ದೋಷವಿಲ್ಲ, ಹುಟ್ಟುವ ಮಕ್ಕಳಿಗೆ ರೋಗ ಬರದು; ಅವನದು ಎಸ್‌ಎಸ್, ಅಂದರೆ ಸಿಕಲ್ ಸೆಲ್ ಕಾಯಿಲೆ. ಕೆಂಪು ರಕ್ತಕಣಗಳು ನೀರು ಕಳೆದುಕೊಂಡು, ಕುಡುಗೋಲಿನಂತೆ ಬಾಗಿ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಮೂಳೆ ಮುರಿದಂಥ ನೋವು. ಕಣದೊಳಗಿನ ನೀರು ಸೋರದಂತೆ ತಡೆಯುವ ಮಾತ್ರೆಯೊಂದಕ್ಕಾಗಿ ನಾನು ಲ್ಯಾಬಿನಲ್ಲಿ ಆರು ವರ್ಷ ಸವೆಸಿದ್ದೆ. ಈಗ ಅದರ ಪರೀಕ್ಷೆ ನಡೆಯುತ್ತಿತ್ತು. ಇನ್ನೂರು ರೋಗಿಗಳಲ್ಲಿ ಅರ್ಧ ಜನಕ್ಕೆ ಔಷಧಿ, ಇನ್ನರ್ಧಕ್ಕೆ ನೋಡಲು ಹಾಗೆಯೇ ಇರುವ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು, ನನಗೂ ತಿಳಿಯದು.

ಫೋಲಾರಿನ್ ಆ ಇನ್ನೂರರಲ್ಲಿ ಒಬ್ಬನೆಂದು ಗೊತ್ತಾದದ್ದು ಮನಸ್ಸು ಕೈತಪ್ಪಿದ ಮೇಲೆ. ಪರೀಕ್ಷೆ ನಡೆಸುವವರು ರೋಗಿಯ ಜೊತೆ ನಂಟು ಇಟ್ಟುಕೊಳ್ಳುವಂತಿಲ್ಲ; ಮೇಲಿನವರಿಗೆ ಆಗಲೇ ಹೇಳಬೇಕಿತ್ತು. ನಾಳೆ ಹೇಳೋಣ ಅಂದುಕೊಂಡೇ ಎರಡು ತಿಂಗಳು ಕಳೆದಿದ್ದೆ.

ಆ ಶನಿವಾರ ಮಧ್ಯಾಹ್ನ ಅವನ ಕುರ್ಚಿಯಲ್ಲಿ ಕೂತಿದ್ದೆ. ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕಾಗಲೆಲ್ಲ ಹುಬ್ಬು ಹಾರಿಸುತ್ತಿದ್ದ, ತುಂಟ.

"ನೀರು ಕುಡಿದ್ಯಾ?"

"ಮೂರು ಲೀಟರ್, ಡಾಕ್ಟರಮ್ಮ."

"ನಾನು ಡಾಕ್ಟರಲ್ಲ."

"ನನ್ನ ಪಾಲಿಗೆ ಹೌದು."

ತಲೆಯ ಬಲಭಾಗ ಮುಗಿದಿತ್ತು. ಎಡಗಿವಿಯ ಬಳಿ ಬಂದ ಮಷಿನ್ ಕೂದಲು ಮುಟ್ಟದೆ ಗುಂಯ್‌ಗುಟ್ಟುತ್ತಲೇ ಇತ್ತು. ಕನ್ನಡಿ ನೋಡಿದೆ. ಅವನ ನಗು ಹಾಗೇ ಇತ್ತು, ಆದರೆ ಜನವರಿಯ ಚಳಿಯಲ್ಲೂ ಹಣೆ ತುಂಬ ಬೆವರು. ಒಂದು ಕೈ ತೊಡೆಯನ್ನು ಒತ್ತಿ ಹಿಡಿದಿತ್ತು.

"ಫೋಲಾ, ನೋವಾ?"

"ನಿಂತು ನಿಂತು ಕಾಲು ಜೋಮು ಹಿಡಿದಿದೆ, ಅಷ್ಟೆ."

ಬಾಚಣಿಗೆಗಳ ಪಕ್ಕ ಅವನ ನೋವಿನ ಪುಸ್ತಕವಿತ್ತು. ಪರೀಕ್ಷೆಗೆ ಸೇರಿದವರು ಅದರಲ್ಲಿ ದಿನವೂ ತಮ್ಮ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಬರೆಯಬೇಕು. ನಾನು ಅದನ್ನು ಮುಟ್ಟಬಾರದು. ಮುಟ್ಟಿದೆ. ಪುಟದ ತುಂಬ ಸೊನ್ನೆ. ಇನ್ನೂ ಬಾರದ ಮುಂದಿನ ಶುಕ್ರವಾರಕ್ಕೂ ಸೊನ್ನೆ.

"ಮುಂದಿನ ಶುಕ್ರವಾರ ನೋವಿರಲ್ಲ ಅಂತ ಯಾರು ಹೇಳಿದ್ರು, ನಿಮ್ಮ ಪಾಸ್ಟರಾ?"

ಅವನು ಮಷಿನ್ ಆರಿಸಿದ. "ಅದು ನಿನ್ನ ಮಾತ್ರೆ ಕಣೇ. ನನ್ನಿಂದ ಅದು ಸೋಲಬಾರದು."

ನನಗೆ ಸಿಟ್ಟು ನೆತ್ತಿಗೇರಿತು. "ಪೆದ್ದ! ನೀನು ತಿಂತಿರೋದು ಹಿಟ್ಟೇ ಆಗಿದ್ರೆ? ಹಿಟ್ಟು ತಿಂದೋನಿಗೂ ನೋವಿಲ್ಲ ಅಂದ್ರೆ ನನ್ನ ಔಷಧಿ ಯಾರಿಗೆ ಬೇಕು?"

ಪಾಪ, ಅದು ಅವನಿಗೆ ಹೊಳೆದೇ ಇರಲಿಲ್ಲ.

"ಔಷಧಿನೇ ಆಗಿದ್ರೆ ಇನ್ನೂ ಕೇಡು. ಕಣದಲ್ಲಿ ನೀರು ಉಳಿದ್ರೆ ನೋವು ನಿಲ್ಲುತ್ತಾ ಅಂತ ತಾನೇ ನಾವು ಕೇಳ್ತಿರೋದು? ನಿನ್ನ ಸುಳ್ಳು ನಂಬಿ ಸಾವಿರಾರು ಜನ ಕೆಲಸಕ್ಕೆ ಬಾರದ ಮಾತ್ರೆ ನುಂಗ್ತಾರೆ. ನಿಜ ಹೇಳು, ಈಗ ಎಷ್ಟು?"

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. "ಒಂಬತ್ತು. ಎದೆನೂ ಹಿಡ್ಕೊಂಡಿದೆ, ಅರಾಬಾ."

ಎದೆ ಎಂದ ಕೂಡಲೇ ಫೋನ್ ಎತ್ತಿಕೊಂಡೆ. ಈ ಕಾಯಿಲೆ ಹೆಚ್ಚಾಗಿ ಕೊಲ್ಲುವುದೇ ಅಲ್ಲಿ. ಆಂಬುಲೆನ್ಸ್ ಕರೆದೆ.

"ನಿನ್ನ ಅರ್ಧ ತಲೆ..." ಸ್ಟ್ರೆಚರ್ ಮೇಲೂ ಅವನಿಗೆ ಅದೇ ಚಿಂತೆ. "ಜನ ನಗ್ತಾರೆ."

"ನಗ್ಲಿ. ಉಳಿದರ್ಧ ಬೇರೆ ಯಾರ ಕೈಗೂ ಕೊಡಲ್ಲ. ಬದುಕಿ ಬಂದು ಮುಗಿಸು."

ಆಸ್ಪತ್ರೆಯಲ್ಲಿ ಅವನ ರಕ್ತ ತೆಗೆದು ಬೇರೆಯವರ ರಕ್ತ ಏರಿಸುತ್ತಿದ್ದಾಗಲೇ ಹೋಗಿ ಮೇಲಿನವರಿಗೆ ಎಲ್ಲವನ್ನೂ ಹೇಳಿದೆ. ಅವನ ಸೊನ್ನೆಗಳನ್ನು ಲೆಕ್ಕದಿಂದ ತೆಗೆದರು. ಪರೀಕ್ಷೆಯಿಂದ ನನ್ನನ್ನೂ ಹೊರಗಿಟ್ಟರು. ಆರು ವರ್ಷದ ಕೆಲಸ. ಮೆಟ್ಟಿಲ ಮೇಲೆ ಕೂತು ಅತ್ತೆ. ಆಮೇಲೆ ಮುಖ ತೊಳೆದು ಅವನ ವಾರ್ಡಿಗೆ ಹೋದೆ.

ಹನ್ನೊಂದು ದಿನ ಅರ್ಧ ತಲೆಯಲ್ಲೇ ಓಡಾಡಿದೆ. ನರ್ಸ್‌ಗಳು ನಕ್ಕರು. "ತಲೆ ಸರಿಮಾಡಿಸ್ಕೋಮ್ಮಾ," ಎಂದು ಅವನ ತಾಯಿ ಬೇಡಿಕೊಂಡರು. ನಾನು ಒಪ್ಪಲಿಲ್ಲ.

ಹನ್ನೆರಡನೆಯ ದಿನ ಮತ್ತೆ ಅದೇ ಕುರ್ಚಿ, ಅದೇ ಕನ್ನಡಿ.

"ಇವತ್ತು ಎಷ್ಟು?"

"ಒಂದು."

ದಿಟ್ಟಿಸಿ ನೋಡಿದೆ.

"ಸರಿ, ಮೂರು," ಅಂದ. "ಇನ್ಮೇಲೆ ದಿನಾ ನಿಜಾನೇ ಹೇಳ್ತೀನಿ. ದಿನಾ ಕೇಳೋಕೆ ನೀನು ಇರ್ತೀಯಾ? ಮದ್ವೆ ಆಗ್ತೀಯಾ?"

"ಆಗ್ತೀನಿ," ಅಂದು ಬಾಟಲಿಯನ್ನು ಅವನ ಕೈಗಿಟ್ಟೆ. "ಮೊದ್ಲು ನೀರು ಕುಡಿ. ಆಮೇಲೆ ಎಡಗಡೆ ಮುಗಿಸು."