ಹಸಿರು ನೂಲಿನ ಬಟನ್

“ಛೀ! ಇದು ಸಂದೀಪನ ಹಾಗೆ ಎಲ್ಲಿ ಕಾಣ್ತದೆ?”

ನಿಶ್ಮಿತಾ ಬೊಂಬೆಯ ಕಾಲಿಗೆ ಜೋರಾಗಿ ಒದ್ದಳು. ಹರಕು ಪೈಜಾಮದೊಳಗಿಂದ ಒಂದು ಹಿಡಿ ಹುಲ್ಲು ಹೊರಗೆ ಬಿತ್ತು.

“ಅರೇ, ಒದೀಬೇಡ ಮಾರಾಯ್ತಿ! ಬೆಳಗ್ಗಿಂದ ಕೂತು ಮಾಡಿದ್ದು,” ಎಂದ ತಿಲಕ್. ಅವನು ಒಂಬತ್ತನೇ ಕ್ಲಾಸು. ಚಾಳಿನ ಹೋಳಿ ಗ್ಯಾಂಗಿಗೆ ಅವನೇ ಲೀಡರ್. “ಸಂಜೆ ಕುತ್ತಿಗೆಗೆ ಹಗ್ಗ ಹಾಕಿ ನೇತು ಹಾಕೋದು. ಆಮೇಲೆ ಬೆಂಕಿ. ಬಸ್, ಇಷ್ಟು ಸಾಕು.”

“ಸಾಕಾಗಲ್ಲ! ಅವನ ಹಾಗೇ ಇರಬೇಕು!”

ಪರೇಲಿನ ಆ ಚಾಳಿನ ವಠಾರದಲ್ಲಿ ಪ್ರತಿ ಹೋಳಿಗೂ ಮಕ್ಕಳು ದುಷ್ಟನೊಬ್ಬನ ಬೊಂಬೆ ಮಾಡಿ ಸುಡುತ್ತಾರೆ. ಒಂದು ವರ್ಷ ಕೊರೋನಾ ರಾಕ್ಷಸ, ಇನ್ನೊಂದು ವರ್ಷ ಡೆಂಗಿ ಸೊಳ್ಳೆ. ಈ ವರ್ಷ ಯಾರ ಬೊಂಬೆ ಎಂದು ಯಾರೂ ಕೇಳಲೇ ಇಲ್ಲ. ಇದೇ ಚಾಳಿನ ಕೆಳಮನೆಯ ಸಂದೀಪನದು.

ಒಂದೂವರೆ ವರ್ಷದ ಹಿಂದೆ, ಕುಡಿದು ಕೆಲಸಕ್ಕೆ ಬಂದನೆಂದು ಸಂದೀಪನನ್ನು ಹೋಟೆಲಿನಿಂದ ತೆಗೆದುಹಾಕಿದರು. ಮರುದಿನ ಅವನು ಚೂರಿ ಹಿಡಿದುಕೊಂಡು ಬಂದ. ಹೋಟೆಲಿನ ಮ್ಯಾನೇಜರ್ ಪ್ರಶಾಂತನೂ ಸತ್ತ, ತಡೆಯಲು ಓಡಿಬಂದ ಮುದಿ ಅಡುಗೆಯವ ಪೂವಪ್ಪಜ್ಜನೂ ಸತ್ತ. ಪ್ರಶಾಂತ ಅಂದರೆ ನಿಶ್ಮಿತಾಳ ಮಾಮ, ಅವಳ ಅಮ್ಮನ ಒಬ್ಬನೇ ತಮ್ಮ. ಲೋಕಲ್ ರೈಲಿನಲ್ಲಿ ಅವಳಿಗೆ ಕಿಟಕಿ ಸೀಟು ಹಿಡಿದುಕೊಡುತ್ತಿದ್ದವನು. ಗಣಿತದಲ್ಲಿ ಸೊನ್ನೆ ಬಂದರೂ ಮಸಾಲೆ ದೋಸೆ ಕೊಡಿಸುತ್ತಿದ್ದವನು. ಅಂಥ ಮಾಮನನ್ನು ಕೊಂದವನ ಮೇಲೆ ಸಿಟ್ಟು ಬರದೆ ಇರುತ್ತದೆಯೇ?

ಸಂದೀಪನೇ ಅಪರಾಧಿ ಎಂದು ಕೋರ್ಟು ಹೇಳಿಯಾಗಿತ್ತು. ಸೋಮವಾರ ಶಿಕ್ಷೆ ಹೇಳುವುದಿತ್ತು. ಫಾಸಿಯೋ, ಅಂದರೆ ಗಲ್ಲೋ, ಇಲ್ಲ ಸಾಯುವವರೆಗೆ ಜೈಲೋ? ಚಾಳಿನ ನಲ್ಲಿಯ ಹತ್ತಿರ ದಿನಾ ಅದೇ ಮಾತು. “ಫಾಸಿಯೇ ಕೇಳಿ ಅಂತ ವಕೀಲರಿಗೆ ಹೇಳಿದ್ದೇನೆ,” ಎಂದಿದ್ದಳು ಅಮ್ಮ. ಐದನೇ ಕ್ಲಾಸಿನ ನಿಶ್ಮಿತಾಳಿಗೆ ಸೋಮವಾರದವರೆಗೆ ಕಾಯುವ ತಾಳ್ಮೆ ಇರಲಿಲ್ಲ.

“ತಿಲಕಣ್ಣ, ನಾನು ಅವನದ್ದೇ ಶರ್ಟ್ ತರ್ತೇನೆ.”

“ಪಾಗಲ್! ಅವನ ಅಮ್ಮ ಕೊಡ್ತಾರಾ?”

“ನೋಡ್ತಾ ಇರು.”

ಸಂದೀಪನ ಅಮ್ಮ ಸೇವಂತಿ ಸೀರೆಗೆ ಫಾಲ್ ಹೊಲಿದುಕೊಡುತ್ತಿದ್ದರು. ಈಗ ಚಾಳಿನಲ್ಲಿ ಯಾರೂ ಅವರಿಗೆ ಸೀರೆ ಕೊಡುವುದಿಲ್ಲ, ಮಾತೂ ಆಡುವುದಿಲ್ಲ. ತಿಂಗಳಿಗೊಮ್ಮೆ ಅವರು ಚೀಲ ಹಿಡಿದು ಜೈಲಿಗೆ ಹೊರಟರೆ, ಹೆಂಗಸರು ಅವರಿಗೆ ಕೇಳುವ ಹಾಗೆಯೇ “ಹೆತ್ತವರಿಗೆ ಹೆಗ್ಗಣ ಮುದ್ದು” ಅನ್ನುತ್ತಿದ್ದರು.

ನಿಶ್ಮಿತಾ ಬಾಗಿಲು ಬಡಿದಳು. ಬಾಗಿಲು ತೆರೆದ ಸೇವಂತಿ ಅವಳನ್ನು ನೋಡಿ ಮುಖ ತುಂಬ ನಕ್ಕರು.

“ನಿಶ್ಮಿ? ಬಾ ಮಗಾ, ಒಳಗೆ ಬಾ! ಎಷ್ಟು ಉದ್ದ ಆಗಿದ್ದಿ!”

ಮಗಾ ಅಂತೆ! ನಿಶ್ಮಿತಾಳ ಮೈಯೆಲ್ಲ ಉರಿಯಿತು. ಅವಳು ಹೊಸ್ತಿಲು ದಾಟಲಿಲ್ಲ.

“ಶಾಲೆಯಲ್ಲಿ ಹಳೇ ಬಟ್ಟೆ ಕೇಳಿದ್ದಾರೆ, ಬಡವರಿಗೆ ಕೊಡ್ಲಿಕ್ಕೆ. ಗಂಡಸರದ್ದು. ಶರ್ಟ್ ಬೇಕು.”

ಸೇವಂತಿಯ ನಗು ಅಲ್ಲೇ ನಿಂತಿತು. ಗೋಡೆಯ ಮೊಳೆಗೆ ಒಂದು ನೀಲಿ ಚೌಕಳಿ ಶರ್ಟ್ ತೂಗುತ್ತಿತ್ತು. ಅವರು ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೆಳಗಿಳಿಸಿ, ಕೈಯಿಂದ ಸವರಿ ನೋಡಿದರು.

“ಒಂದು ಬಟನ್ ಹೋಗಿದೆ. ನಿಲ್ಲು, ಹಾಕಿ ಕೊಡ್ತೇನೆ.”

“ಬೇಡ, ಹಾಗೇ ಕೊಡಿ.”

“ಹಾಗೆ ಕೊಡಬಾರದು ಮಗಾ. ಹಾಕಿಕೊಳ್ಳುವವರಿಗೆ ಬೇಜಾರಾಗ್ತದೆ.” ಸೇವಂತಿ ಸೂಜಿ ಹಿಡಿದರು. ಕೈಗೆ ಸಿಕ್ಕಿದ್ದು ಯಾವುದೋ ಸೀರೆಯ ಫಾಲ್‌ಗೆ ತಂದ ಹಸಿರು ನೂಲು. ಒಂದು ಸಲ, ಎರಡು ಸಲ, ಮೂರು ಸಲ. ನೂಲು ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ. “ಕಣ್ಣೇ ಕಾಣುದಿಲ್ಲ ಈಗ. ಪೋಣಿಸಿ ಕೊಡ್ತೀಯಾ?”

ಮೊದಲೆಲ್ಲ ದಿನಾ ಪೋಣಿಸಿ ಕೊಡುತ್ತಿದ್ದವಳು ನಿಶ್ಮಿತಾಳೇ. ಅವಳು ಹಲ್ಲು ಕಚ್ಚಿಕೊಂಡು ಸೂಜಿ ತೆಗೆದುಕೊಂಡಳು, ಪೋಣಿಸಿದಳು, ಕೊಟ್ಟಳು.

ಸೇವಂತಿ ಬಟನ್ನಿನ ಬುಡಕ್ಕೆ ನೂಲನ್ನು ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದರು. “ಹೀಗೆ ಸುತ್ತಿದರೆ ಗಟ್ಟಿ. ಪ್ರಶಾಂತನಿಗೂ ನಾನೇ...”

“ಮಾಮನ ಹೆಸರು ಹೇಳ್ಬೇಡಿ!”

ಅವಳು ಕಿರುಚಿದ್ದು ಮೂರನೇ ಮಾಳಿಗೆಗೂ ಕೇಳಿರಬೇಕು. ಸೇವಂತಿ ನೂಲು ಕತ್ತರಿಸಿದರು. “ಹೌದು. ನಾನು ಹೇಳಬಾರದು,” ಎಂದು ಸಣ್ಣ ದನಿಯಲ್ಲಿ ಹೇಳಿ, ಶರ್ಟನ್ನು ಮಡಚಿ ಪೇಪರಿನಲ್ಲಿ ಸುತ್ತಿ ಕೊಟ್ಟರು. ನಿಶ್ಮಿತಾ ಕಿತ್ತುಕೊಂಡು ಓಡಿದಳು.

ಸಂಜೆ ಅಂಗಳದ ಬಿದಿರು ಕಂಬಕ್ಕೆ ಬೊಂಬೆ ಏರಿತು. ಕುತ್ತಿಗೆಗೆ ಹಗ್ಗ, ಮೈಗೆ ನೀಲಿ ಚೌಕಳಿ ಶರ್ಟ್. ಈಗ ನೋಡಿ, ಥೇಟ್ ಸಂದೀಪ!

“ಫಾಸಿ ದೋ! ಫಾಸಿ ದೋ! ಗಲ್ಲಿಗೇರಿಸಿ!” ಎಂದು ಮಕ್ಕಳು ಕೂಗಿದರು. ಚಪ್ಪಲಿಗಳು ಹಾರಿದವು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಿಶ್ಮಿತಾ, ಎಲ್ಲರಿಗಿಂತ ಹೆಚ್ಚು ಹೊಡೆದದ್ದೂ ನಿಶ್ಮಿತಾ. ಇದು ಮಾಮನಿಗೆ! ಇದು ಪೂವಪ್ಪಜ್ಜನಿಗೆ! ಒಂದು ತೋಳಿನ ಹೊಲಿಗೆ ಬಿಟ್ಟುಹೋಯಿತು. ಅವಳಿಗೆ ಭಾರೀ ಖುಷಿಯಾಯಿತು. ಮತ್ತೆ ಕೈ ಎತ್ತಿದಳು.

ಅಷ್ಟರಲ್ಲಿ ಕೂಗು ಫಕ್ಕನೆ ನಿಂತಿತು. ನಿಶ್ಮಿತಾ ತಿರುಗಿ ನೋಡಿದಳು.

ಸೇವಂತಿ ನಿಂತಿದ್ದರು. ಕೈಯಲ್ಲಿ ಇಸ್ತ್ರಿ ಮಾಡಿದ ಒಂದು ಪ್ಯಾಂಟ್.

“ನಿಶ್ಮಿ, ಪ್ಯಾಂಟೂ ಒಂದಿತ್ತು, ಶಾಲೆಗೆ ಆಗ್ತದೇನೋ ಅಂತ...”

ಅಷ್ಟು ಹೇಳುವಾಗ ಅವರ ಕಣ್ಣು ಕಂಬದ ಮೇಲೆ ಹೋಯಿತು. ಹಗ್ಗ ನೋಡಿದರು. ಶರ್ಟ್ ನೋಡಿದರು. ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ನಿಶ್ಮಿತಾ ಎದುರು ಮಾತಾಡುತ್ತಿದ್ದಳು, ನಾಲಗೆಯ ತುದಿಯಲ್ಲೇ ಇತ್ತು! ಸೇವಂತಿ ಪ್ಯಾಂಟನ್ನು ಎದೆಗೆ ಹಿಡಿದುಕೊಂಡು, ಗೋಡೆ ಮುಟ್ಟುತ್ತಾ ಮುಟ್ಟುತ್ತಾ ವಾಪಸು ಹೋದರು.

“ಅರೇ ಆಂಟಿ, ಪ್ಯಾಂಟ್ ಕೊಟ್ಟು ಹೋಗಿ! ಫುಲ್ ಸೆಟ್ ಆಗ್ತದೆ!” ಎಂದ ತಿಲಕ್. ಹುಡುಗರು ಹೋ ಎಂದು ನಕ್ಕರು.

ನಿಶ್ಮಿತಾಳಿಗೆ ನಗು ಬರಲಿಲ್ಲ. ಬೊಂಬೆ ಗಾಳಿಗೆ ಅವಳ ಕಡೆಗೆ ತಿರುಗಿತು. ಅಷ್ಟೊಂದು ಏಟು ಬಿದ್ದರೂ ಹಸಿರು ನೂಲಿನ ಬಟನ್ ಅಲ್ಲೇ ಇತ್ತು.

“ಬಾಯಿ ಮುಚ್ಚು!” ಅವಳು ತಿಲಕನ ಮೇಲೆ ಹಾರಿಬಿದ್ದಳು. “ಶರ್ಟ್ ಬಿಚ್ಚು!”

“ಯಾಕೆ? ನೀನೇ ತಾನೇ ತಂದದ್ದು? ಅವ ನಿನ್ನ ಮಾಮನನ್ನು...”

“ಗೊತ್ತುಂಟು! ನಂಗೆ ಹೇಳಿಕೊಡ್ಬೇಡ!”

“ಮತ್ತೆ? ಅವನಿಗೆ ಫಾಸಿ ಬೇಡ್ವಾ ನಿಂಗೆ?”

“ಗೊತ್ತಿಲ್ಲ! ಶರ್ಟ್ ಬಿಚ್ಚು ಅಂದೆ!”

ಅವಳೇ ಹಗ್ಗ ಎಳೆದಳು. ಬೊಂಬೆ ದೊಪ್ಪನೆ ಬಿತ್ತು. ಹುಲ್ಲು ಚೆಲ್ಲಾಡಿತು. ಬಟನ್ ಬಿಚ್ಚುವಾಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಕೆಳಮನೆಯ ಬಾಗಿಲು ಹಾಕಿತ್ತು. “ಆಂಟೀ,” ಎಂದು ಕೂಗಿದಳು. ಬಾಗಿಲು ಅರ್ಧ ತೆರೆಯಿತು. ನಿಶ್ಮಿತಾ ಶರ್ಟನ್ನು ಸೇವಂತಿಯ ಕೈಗೆ ಕೊಟ್ಟಳು.

“ಶಾಲೆಯಲ್ಲಿ ಯಾರೂ ಕೇಳಿರಲಿಲ್ಲ. ನಾನು ಸುಳ್ಳು ಹೇಳಿದ್ದು.”

“ಗೊತ್ತಾಯ್ತು ಮಗಾ.”

“ನಂಗೆ ಸಂದೀಪನ ಮೇಲೆ ಇನ್ನೂ ಸಿಟ್ಟುಂಟು. ತುಂಬಾ!”

“ನಂಗೂ ಉಂಟು.” ಸೇವಂತಿ ಶರ್ಟಿನ ಹರಿದ ತೋಳನ್ನು ಬೆರಳಿಂದ ಜೋಡಿಸಿ ನೋಡಿದರು. “ಜೈಲಿಗೆ ಹೋದಾಗೆಲ್ಲ ಬೈಯ್ತೇನೆ. ಯಾಕೆ ಮಾಡಿದಿ, ಚಿನ್ನದಂಥ ಹುಡುಗನನ್ನು ಯಾಕೆ ಕೊಂದಿ ಅಂತ. ಅವ ತಲೆ ತಗ್ಗಿಸಿ ಕೂತಿರ್ತಾನೆ. ಬೈದು ಮುಗಿಯುದೇ ಇಲ್ಲ ನಂಗೆ. ಸೋಮವಾರ ಏನು ಹೇಳ್ತಾರೋ.” ಶರ್ಟನ್ನು ಮಡಚುತ್ತಾ ಹೇಳಿದರು, “ಬೈಲಿಕ್ಕಾದ್ರೂ ಅವ ಬೇಕಲ್ಲ ಮಗಾ.”

ನಿಶ್ಮಿತಾ ಒಂದೊಂದೇ ಮೆಟ್ಟಿಲು ಹತ್ತಿ ಮನೆಗೆ ಬಂದಳು.

ಅಮ್ಮ ಒಲೆಯ ಮುಂದೆ ಇದ್ದಳು. ಬಾಗಿಲ ಹಿಂದಿನ ಮೊಳೆಗೆ ಮಾಮನ ಬಿಳಿ ಶರ್ಟ್ ಎಂದಿನಂತೆ ತೂಗುತ್ತಿತ್ತು. ಒಂದೂವರೆ ವರ್ಷದಿಂದ ಅಮ್ಮ ಅದನ್ನು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ.

ನಿಶ್ಮಿತಾ ಅದರ ತೋಳು ಎತ್ತಿ ನೋಡಿದಳು. ಮುಂಗೈಯ ಬಟನ್ನಿಗೆ ನೇರಳೆ ನೂಲು. ಬುಡದಲ್ಲಿ ನಾಲ್ಕು ಸುತ್ತು.

“ಅಮ್ಮಾ, ಈ ಬಟನ್ ಯಾರು ಹಾಕಿದ್ದು?”

ಅಮ್ಮ ತಿರುಗಿ ನೋಡಿದಳು.

“ಸೇವಂತಿಯಕ್ಕ,” ಎಂದಳು. ಆ ಹೆಸರು ಅವಳ ಬಾಯಿಂದ ಬಂದು ಒಂದೂವರೆ ವರ್ಷವಾಗಿತ್ತು.

ಕೆಳಗೆ ಅಂಗಳದಲ್ಲಿ ಬೆಂಕಿ ಹತ್ತಿಕೊಂಡಿತು. “ಫಾಸಿ ದೋ!” ಎಂಬ ಕೂಗು ಮತ್ತೆ ಎದ್ದಿತು. ನಿಶ್ಮಿತಾ ಹೋಗಿ ಕಿಟಕಿ ಮುಚ್ಚಿದಳು. ನೀಲಿ ಶರ್ಟ್ ತೂಗುತ್ತಿದ್ದ ಕೆಳಮನೆಯ ಗೋಡೆಯ ಮೊಳೆ ಅವಳಿಗೆ ನೆನಪಾಯಿತು.

“ಸೋಮವಾರ ಅವರೂ ಕೋರ್ಟಿಗೆ ಬರ್ತಾರಾ ಅಮ್ಮಾ?”

“ಬರ್ತಾರೆ. ಪ್ರತಿ ಸಲವೂ ಬರ್ತಾರೆ. ಹಿಂದಿನ ಬೆಂಚಲ್ಲಿ ಒಬ್ಬರೇ ಕೂತಿರ್ತಾರೆ.”

ನಿಶ್ಮಿತಾ ನೇರಳೆ ನೂಲಿನ ಬಟನ್ ಹಿಡಿದು ಸಣ್ಣಗೆ ಎಳೆದು ನೋಡಿದಳು. ಅದು ಗಟ್ಟಿಯಾಗಿಯೇ ಇತ್ತು.